ಜಾಹೀರಾತಿನ ದುಡ್ಡು ಎಲ್ಲಿ ಸೋರುತ್ತಿದೆ?

ಹಲಸಿನ ಹಪ್ಪಳ, ಬಾಳೆಹಣ್ಣಿನ ಸುಕೇಳಿ, ಜೇನು, ಕಸಿ ಗಿಡ. ಇವನ್ನೆಲ್ಲ ಮನೆಯಿಂದಲೇ ಮಾರುವ ಕೃಷಿಕರು ಈಗ ಊರೂರಲ್ಲೂ ಇದ್ದಾರೆ. ಅಂಗಡಿಯವರ ಹಂಗಿಲ್ಲ. ಮೊಬೈಲಿನಲ್ಲಿ ಒಂದು ಫೋಟೋ, ಕೆಳಗೆ ನಾಲ್ಕು ಸಾಲು, ಅದು ಹತ್ತೂರಿಗೆ ತಲಪಲಿ ಅಂತ ಸಾವಿರವೋ ಎರಡು ಸಾವಿರವೋ ಜಾಹೀರಾತಿಗೆ ಖರ್ಚು. ಮೂರು ದಿನದಲ್ಲಿ 'ಇಷ್ಟು ಸಾವಿರ ಮಂದಿ ನೋಡಿದರು, ಇಷ್ಟು ಮಂದಿ ಒತ್ತಿದರು' ಎಂಬ ಲೆಕ್ಕ ಬರುತ್ತದೆ. ಆದರೆ ಫೋನು ಮಾತ್ರ ರಿಂಗಾಗುವುದಿಲ್ಲ. ಹಾಗಾದರೆ ನೋಡಿದವರು ಯಾರು? ಒತ್ತಿದವರು ಯಾರು?

ಕೆಲವೊಮ್ಮೆ ಉತ್ತರ: ಮನುಷ್ಯರೇ ಅಲ್ಲ.

ಯಂತ್ರ ನೋಡಿದ ಜಾಹೀರಾತು

ಅಂತರ್ಜಾಲದ ಜಾಹೀರಾತಿನ ಹಣ ಮೂರು ಕೈ ದಾಟುತ್ತದೆ. ಕೊಡುವವರು ನಾವು. ನಡುವೆ ಗೂಗಲ್, ಫೇಸ್‌ಬುಕ್ಕಿನಂಥ ಕಂಪೆನಿ. ಕೊನೆಗೆ ನಮ್ಮ ಜಾಹೀರಾತನ್ನು ತನ್ನ ಜಾಗದಲ್ಲಿ ತೋರಿಸುವ ಯಾವುದೋ ಆಟದ ಆ್ಯಪ್ ಅಥವಾ ವೆಬ್‌ಸೈಟ್. ಜನ ಹೆಚ್ಚು ನೋಡಿದಷ್ಟು, ಒತ್ತಿದಷ್ಟು ಈ ಕೊನೆಯವರಿಗೆ ಪಾಲು. ಜನ ಬಾರದಿದ್ದರೆ? ಬಂದಂತೆ ತೋರಿಸಿದರಾಯ್ತು. ಮೋಸದ ಬೇರು ಇಲ್ಲೇ ಉಂಟು.

ಅಮೆರಿಕದ ನ್ಯಾಯಾಲಯದಲ್ಲಿ ತೀರ್ಮಾನವಾದ 'ಮೆಥ್‌ಬಾಟ್' ಪ್ರಕರಣ ಇದನ್ನು ಚೆನ್ನಾಗಿ ತಿಳಿಸುತ್ತದೆ. 2014ರಿಂದ 2016ರ ತನಕ ಒಂದು ರಷ್ಯನ್ ತಂಡ 1,900ಕ್ಕೂ ಹೆಚ್ಚು ಸರ್ವರ್ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಹಿಡಿದು, 5,000ಕ್ಕೂ ಹೆಚ್ಚು ವೆಬ್‌ಸೈಟ್‌ಗಳ ಹೆಸರನ್ನು ನಕಲು ಮಾಡಿತು. ಆ ಕಂಪ್ಯೂಟರ್‌ಗಳೇ 'ಓದುಗರು'. ಮೌಸ್ ಆಡಿಸಿದಂತೆ, ಪುಟ ಸರಿಸಿದಂತೆ, ವೀಡಿಯೋವನ್ನು ಅರ್ಧಕ್ಕೆ ನಿಲ್ಲಿಸಿದಂತೆ ಅವು ನಟಿಸುತ್ತಿದ್ದವು. ಕಂಪೆನಿಗಳು ಕಳಕೊಂಡದ್ದು 70 ಲಕ್ಷ ಡಾಲರಿಗೂ ಹೆಚ್ಚು. ಸೂತ್ರಧಾರನಿಗೆ 2021ರಲ್ಲಿ 10 ವರ್ಷ ಜೈಲು ಶಿಕ್ಷೆಯಾಯಿತು.

ಇನ್ನೊಂದು ಬಗೆ, ಮೊಬೈಲ್ ಸಾಲು ಜೋಡಿಸಿ ಕೃತಕವಾಗಿ ಲೈಕ್ ಒತ್ತಿಸುವುದು. 2017ರಲ್ಲಿ ಥಾಯ್ಲೆಂಡಿನ ಒಂದು ಮನೆಯಲ್ಲಿ ಪೊಲೀಸರಿಗೆ ಸಿಕ್ಕಿದ್ದು ನೂರಾರು ಐಫೋನ್, ಮೂರು ಲಕ್ಷಕ್ಕೂ ಹೆಚ್ಚು ಸಿಮ್ ಕಾರ್ಡ್! 'ಹತ್ತು ಸಾವಿರ ಫಾಲೋವರ್ಸ್ ಮಾಡಿಸಿ ಕೊಡುತ್ತೇವೆ' ಎನ್ನುವವರ ಸರಕು ಇಂಥಲ್ಲಿಂದಲೇ ಬಂದಿರಬಹುದು. ಅವರಲ್ಲಿ ಒಬ್ಬನೂ ಹಪ್ಪಳ ತಿನ್ನುವವನಲ್ಲ.

ದೊಡ್ಡವರು ಮಾಡಿದ ಪರೀಕ್ಷೆ

ಏರಿಯಲ್, ಟೈಡ್ ಸೋಪುಪುಡಿ ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಗೆ ಇದೇ ಸಂಶಯ ಬಂತು. 2017ರ ಏಪ್ರಿಲ್‌ನಿಂದ ಜೂನ್ ಒಳಗೆ ಅಂತರ್ಜಾಲದ ಜಾಹೀರಾತಿನಲ್ಲಿ 10 ಕೋಟಿ ಡಾಲರಿಗೂ ಹೆಚ್ಚು ಕಡಿತ ಮಾಡಿತು. ವ್ಯಾಪಾರಕ್ಕೆ ಹೇಳುವಂಥ ಪೆಟ್ಟು ಬೀಳಲಿಲ್ಲ. ಅಂದರೆ ಆ ಹಣ ಅದುವರೆಗೆ ಹರಿಯುತ್ತಿತ್ತು, ಬುಡಕ್ಕೆ ಮಾತ್ರ ಬೀಳುತ್ತಿರಲಿಲ್ಲ. ಅವರಿಗೆ ಅದು ತಡೆಯುವ ನಷ್ಟ. ನಮ್ಮಲ್ಲಿ ಎರಡು ಸಾವಿರ ಸೋರಿದರೆ ಒಂದು ವಾರದ ದುಡಿಮೆಯ ಲಾಭವೇ ಹೋಯಿತು.

ಕ್ಲಿಕ್ ಅಲ್ಲ, ಆರ್ಡರ್ ಲೆಕ್ಕ ಹಾಕಿ

ಒಂದು ಉದಾಹರಣೆ. ಪಾರ್ಸೆಲ್ ಖರ್ಚೆಲ್ಲ ಕಳೆದು ಒಂದು ಹಪ್ಪಳದ ಕಟ್ಟಿನಲ್ಲಿ 150 ರೂಪಾಯಿ ಉಳಿಯುತ್ತದೆ ಅಂತಿಟ್ಟುಕೊಳ್ಳಿ.

ಮೊದಲ ಜಾಹೀರಾತಿಗೆ 2,000 ರೂ. ಕ್ಲಿಕ್‌ಗೆ ಬರೇ 2 ರೂಪಾಯಿ, ಹಾಗಾಗಿ ಸಾವಿರ ಕ್ಲಿಕ್. ಬಂದ ಆರ್ಡರ್ 10. ಒಂದು ಆರ್ಡರಿಗೆ ಜಾಹೀರಾತು ಖರ್ಚು 200 ರೂ. ಪ್ರತಿ ಕಟ್ಟಿಗೆ 50 ರೂಪಾಯಿ ಕೈಯಿಂದ ಹೋಯಿತು.

ಎರಡನೆಯದಕ್ಕೂ 2,000 ರೂ. ಕ್ಲಿಕ್‌ಗೆ 8 ರೂಪಾಯಿ, ಸಿಕ್ಕಿದ್ದು 250 ಮಾತ್ರ. ಆದರೆ ಆರ್ಡರ್ 20. ಒಂದಕ್ಕೆ ಖರ್ಚು 100 ರೂ., ಉಳಿಕೆ 50 ರೂ.

'ಅಗ್ಗದ ಕ್ಲಿಕ್' ನೋಡಿ ಮರುಳಾದವರಿಗೆ ನಷ್ಟ. ಯಂತ್ರದ ಕ್ಲಿಕ್, ಮಕ್ಕಳು ಆಟದ ನಡುವೆ ಬೆರಳು ತಾಗಿಸಿದ ಕ್ಲಿಕ್, ಇವೆಲ್ಲ ಸೇರಿಯೇ ಅಷ್ಟು ಅಗ್ಗ ಆಗಿರಬಹುದು.

ಈ ಲೆಕ್ಕಕ್ಕೆ ನೋಟ್‌ಪುಸ್ತಕ ಸಾಕು. ಪ್ರತಿ ಜಾಹೀರಾತಿಗೆ ಒಂದು ಗುರುತಿನ ಮಾತು ಕೊಡಿ. ಒಂದರಲ್ಲಿ 'ಹಲಸು ಎಂದು ವಾಟ್ಸಾಪ್ ಮಾಡಿ', ಇನ್ನೊಂದರಲ್ಲಿ 'ಹಪ್ಪಳ ಎಂದು ವಾಟ್ಸಾಪ್ ಮಾಡಿ'. ಯಾವ ಜಾಹೀರಾತು ಗಿರಾಕಿಯನ್ನು ತಂದಿತು ಎಂಬುದು ತಾನಾಗಿ ತಿಳಿಯುತ್ತದೆ.

ಸೋರಿಕೆ ತಡೆಯುವ ದಾರಿ

* ಫೇಸ್‌ಬುಕ್ಕಿನಲ್ಲಿ ಜಾಹೀರಾತು ಎಲ್ಲೆಲ್ಲಿ ಕಾಣಿಸಬೇಕು ಎಂದು ನಾವೇ ಆರಿಸಲು ಬರುತ್ತದೆ. 'ಆಡಿಯೆನ್ಸ್ ನೆಟ್‌ವರ್ಕ್' ಅಂದರೆ ಹೊರಗಿನ ಆ್ಯಪ್‌ಗಳು. ಚಿಕ್ಕ ಬಂಡವಾಳದವರು ಅದನ್ನು ತೆಗೆದುಬಿಡುವುದು ಕ್ಷೇಮ.

* ಗೂಗಲ್‌ನಲ್ಲಿ ಹುಡುಕುವವರಿಗೆ ಮಾತ್ರ ಜಾಹೀರಾತು ಕಾಣುವಂತೆ ಮಾಡಿ. 'ಡಿಸ್‌ಪ್ಲೇ ನೆಟ್‌ವರ್ಕ್', 'ಸರ್ಚ್ ಪಾರ್ಟ್‌ನರ್ಸ್' ಎಂಬ ಗುರುತುಗಳನ್ನು ಅಳಿಸಿ. 'ಹಲಸಿನ ಕಸಿ ಗಿಡ ಎಲ್ಲಿ ಸಿಗುತ್ತದೆ' ಅಂತ ಹುಡುಕುವವನೇ ನಮಗೆ ಬೇಕಾದವನು.

* ಊರು ಆರಿಸುವಲ್ಲಿ ಜಾಗ್ರತೆ. ಗೂಗಲ್ ತಾನಾಗಿ, ಆ ಊರಲ್ಲಿರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ಇರುವವರನ್ನೂ ಸೇರಿಸುತ್ತದೆ. ಹಾಗೆ ದೂರ ದೇಶದ ಕ್ಲಿಕ್ಕಿಗೂ ನಮ್ಮ ದುಡ್ಡು ಹೋಗಬಹುದು. 'ಆ ಊರಲ್ಲಿ ಇರುವವರು ಮಾತ್ರ' ಎಂಬುದನ್ನು ಆರಿಸಿ.

* ದಿನಕ್ಕೆ 100 ರೂಪಾಯಿ ಮಿತಿ ಇಟ್ಟರೂ ಗೂಗಲ್ ಒಂದು ದಿನ 200ರ ವರೆಗೆ ಖರ್ಚು ಮಾಡಬಹುದು. ತಿಂಗಳ ಒಟ್ಟು ಲೆಕ್ಕದಲ್ಲಿ ಸರಿಹೊಂದಿಸುತ್ತದೆ. ಮೂರು ದಿನಕ್ಕೆ ಮಾತ್ರ ಹಾಕುವವರಿಗೆ ಇದು ನೆನಪಿರಬೇಕು.

* ಸಂಶಯದ ಕ್ಲಿಕ್‌ಗಳನ್ನು ಗೂಗಲ್ ತಾನೇ ಸ್ವಲ್ಪ ಸೋಸುತ್ತದೆ. ವರದಿಯಲ್ಲಿ 'ಇನ್‌ವ್ಯಾಲಿಡ್ ಕ್ಲಿಕ್ಸ್' ಎಂಬ ಕಾಲಂ ಸೇರಿಸಿದರೆ ಅದು ಕಾಣುತ್ತದೆ. ಅದಕ್ಕೆ ಹಣ ವಸೂಲಿ ಇಲ್ಲ. ಇನ್ನೂ ಸಂಶಯ ಉಳಿದರೆ ದೂರು ಕೊಡಬಹುದು, ಆದರೆ 60 ದಿನದೊಳಗೆ.

ಖಾತೆಗೇ ಕನ್ನ

ಯಂತ್ರದ ಕ್ಲಿಕ್‌ಗಿಂತ ದೊಡ್ಡ ಏಟು ಖಾತೆಯ ಕಳವು. 'ನಿಮ್ಮ ಪುಟ ನಿಯಮ ಮೀರಿದೆ, 24 ಗಂಟೆಯಲ್ಲಿ ಮುಚ್ಚುತ್ತೇವೆ, ಇಲ್ಲಿ ಒತ್ತಿ' ಎಂದು ಕಂಪೆನಿಯದೇ ಗುರುತಿನಲ್ಲಿ ಸಂದೇಶ ಬರುತ್ತದೆ. ಹೆದರಿ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ನಮ್ಮ ಕಾರ್ಡಿನ ಹಣದಲ್ಲಿ ಅವರ ಜಾಹೀರಾತು ಓಡುತ್ತದೆ!

ಎರಡು ಹಂತದ ಭದ್ರತೆ ಹಾಕಿಕೊಳ್ಳಿ. ಬೆಳೆಯ ಹಣ ಬೀಳುವ ಬ್ಯಾಂಕ್ ಖಾತೆಯ ಕಾರ್ಡನ್ನು ಜಾಹೀರಾತಿಗೆ ಜೋಡಿಸಬೇಡಿ. ಬೇರೆ ಖಾತೆ ಮಾಡಿ, ಬೇಕಾದಷ್ಟೇ ಹಣ ಇಡಿ. ಫೇಸ್‌ಬುಕ್ಕಿನಲ್ಲಿ ಖಾತೆಯ ಒಟ್ಟು ಖರ್ಚಿಗೂ ಮಿತಿ ಹಾಕಲು ಬರುತ್ತದೆ. ಹಣ ಹೋದದ್ದು ತಿಳಿದ ಕೂಡಲೇ ಬ್ಯಾಂಕಿಗೆ ಹೇಳಿ, 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಸಿಗುವುದು ಕಷ್ಟ.

ಜಾಹೀರಾತಿನ ಕೆಲಸ ಬೇರೆಯವರಿಗೆ ವಹಿಸುವುದಾದರೆ ಖಾತೆ ನಿಮ್ಮ ಹೆಸರಲ್ಲೇ ಇರಲಿ. ಎಲ್ಲೆಲ್ಲಿ ಕಾಣಿಸಿತು, ಎಷ್ಟು ಖರ್ಚಾಯಿತು ಎಂಬ ವರದಿಯನ್ನು ನೀವೇ ತೆರೆದು ನೋಡುವಂತಿರಬೇಕು. ಬರೇ ಲೈಕಿನ ಲೆಕ್ಕ ಕೊಟ್ಟು ಬಿಲ್ ಕೇಳುವವರಿಗೆ 'ಆರ್ಡರ್ ಎಷ್ಟು ಮಾರಾಯ್ರೆ?' ಅಂತ ಕೇಳಿ.

ಎಲ್ಲವೂ ಮೋಸವಲ್ಲ

ಒಂದು ಎಚ್ಚರಿಕೆ. ಗಿರಾಕಿ ವಿಚಾರಿಸಿ ಸುಮ್ಮನಾದರೆ ಅದಕ್ಕೆ ಯಂತ್ರ ಕಾರಣವಲ್ಲ. ಕ್ರಯ ಜಾಸ್ತಿಯಾಗಿರಬಹುದು, ಪಾರ್ಸೆಲ್ ಖರ್ಚು ಭಾರವಾಗಿರಬಹುದು, ನಾವು ಉತ್ತರಿಸಿದ್ದು ಮಾರನೇ ದಿನವಾಗಿರಬಹುದು. ಕ್ಲಿಕ್ ಬಹಳ, ವಿಚಾರಣೆಯೇ ಇಲ್ಲ ಎಂದಾದರೆ ಮಾತ್ರ ಸಂಶಯಪಡಿ.

ಹೊಸ ತಳಿಯನ್ನು ಇಡೀ ತೋಟಕ್ಕೆ ಹಾಕುವ ಮೊದಲು ನಾಲ್ಕು ಗಿಡ ನೆಟ್ಟು ನೋಡುವವರು ನಾವು. ಇಲ್ಲಿಯೂ ಅದೇ ಕ್ರಮ ಸಾಕು. 300-400 ರೂಪಾಯಿಯ ಎರಡು ಜಾಹೀರಾತು ಹಾಕಿ, ವಾರ ಕಳೆದು ಪುಸ್ತಕ ತೆರೆಯಿರಿ. ಆರ್ಡರ್ ತಂದದ್ದಕ್ಕೆ ಇನ್ನಷ್ಟು ಹಣ ಹಾಕಿ, ತಾರದ್ದನ್ನು ಅಲ್ಲಿಗೇ ನಿಲ್ಲಿಸಿ.