ಭೂಮಿಯಾಚೆ ಹೋಗುತ್ತಲೇ ಇದ್ದರೆ...

ರಮಝಾನಿನ ಚಂದ್ರನನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಮಹಡಿ ಹತ್ತಿದ ತಾಯಂದಿರಿಗೆ ಈ ಪ್ರಶ್ನೆ ಹೊಸದಲ್ಲ. "ಉಮ್ಮಾ, ಆ ಚಂದ್ರನನ್ನೂ ದಾಟಿ ಹೋಗುತ್ತಾ ಹೋಗುತ್ತಾ ಇದ್ದರೆ ಕೊನೆಗೆ ಏನು ಸಿಗುತ್ತದೆ?" ಒಲೆಯ ಮೇಲೆ ಹಾಲಿಟ್ಟ ಹೊತ್ತಿನಲ್ಲಿ ಇಂತಹ ಪ್ರಶ್ನೆ ಬಂದರೆ "ಹೋಗು, ಪಾಠ ಓದಿಕೋ" ಎಂದು ಗದರಿಸುವವರೇ ಹೆಚ್ಚು. ಆದರೆ ಇದು ಗದರಿಸಿ ಕಳಿಸುವ ಪ್ರಶ್ನೆಯಲ್ಲ. ದೊಡ್ಡ ದೊಡ್ಡ ವಿದ್ವಾಂಸರು ಸಾವಿರ ವರ್ಷಗಳಿಂದ ಆಕಾಶವನ್ನು ಅಳೆಯುತ್ತಿರುವುದು ಇಂತಹದೇ ಪ್ರಶ್ನೆಗಳನ್ನು ಹಿಡಿದುಕೊಂಡು. ಬನ್ನಿ, ಮಗುವಿನ ಕೈ ಹಿಡಿದು ನಾವೂ ಆ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬರೋಣ.

ಒಂದು ಗಂಟೆಯ ದಾರಿ

ನಿಮ್ಮ ಕಾರು ನೇರವಾಗಿ ಮೇಲಕ್ಕೆ ಹೋಗಬಲ್ಲದು ಎಂದು ಭಾವಿಸಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊರಟರೆ ಒಂದೇ ಗಂಟೆಯಲ್ಲಿ ನೀವು ಬಾಹ್ಯಾಕಾಶದ ಬಾಗಿಲಲ್ಲಿರುತ್ತೀರಿ! ಭೂಮಿಯಿಂದ 100 ಕಿ.ಮೀ. ಎತ್ತರವನ್ನೇ ಸಾಮಾನ್ಯವಾಗಿ ಬಾಹ್ಯಾಕಾಶದ ಗಡಿಯೆಂದು ಎಣಿಸುತ್ತಾರೆ. ಬೆಂಗಳೂರಿನಿಂದ ಮೈಸೂರಿಗಿರುವಷ್ಟೂ ದೂರವಿಲ್ಲ. ಅಲ್ಲಿ ಉಸಿರಾಡಲು ಗಾಳಿಯಿಲ್ಲ, ನಡುಹಗಲಲ್ಲೂ ಆಕಾಶ ಕಪ್ಪು.

ಅದೇ ಕಾರಿನಲ್ಲಿ ಎಲ್ಲೂ ನಿಲ್ಲದೆ ಹೋದರೆ ಸುಮಾರು 3,84,000 ಕಿ.ಮೀ. ದೂರದ ಚಂದ್ರನನ್ನು ಮುಟ್ಟಲು ಐದು ತಿಂಗಳಿಗೂ ಹೆಚ್ಚು ಬೇಕು. ಸುಮಾರು 15 ಕೋಟಿ ಕಿ.ಮೀ. ದೂರದ ಸೂರ್ಯನಲ್ಲಿಗೆ ತಲುಪಲು 170 ವರ್ಷಗಳು! ನೀವು ಹೊರಟರೆ ನಿಮ್ಮ ಮರಿಮಕ್ಕಳ ಮಕ್ಕಳು ತಲುಪಿಯಾರು. ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವ ಬೆಳಕಿಗೆ ಮಾತ್ರ ಇದು ಎಂಟು ನಿಮಿಷ, ಚಿಲ್ಲರೆ ಸೆಕೆಂಡುಗಳ ದಾರಿ.

ಕನ್ನಡವನ್ನೂ ಹೊತ್ತ ನೌಕೆ

ಹೀಗೆ ಹೋಗುತ್ತಲೇ ಇರುವ ಒಂದು ನೌಕೆ ನಿಜವಾಗಿಯೂ ಇದೆ. ಅಮೆರಿಕದ ನಾಸಾ ಸಂಸ್ಥೆ 1977ರ ಸೆಪ್ಟೆಂಬರ್ 5ರಂದು ಹಾರಿಸಿದ ವಾಯೇಜರ್-1. ಗುರು ಮತ್ತು ಶನಿ ಗ್ರಹಗಳನ್ನು ಹತ್ತಿರದಿಂದ ನೋಡಿದ ಅದು ಹಿಂದೆ ತಿರುಗಲಿಲ್ಲ. 2012ರ ಆಗಸ್ಟ್‌ನಲ್ಲಿ ಸೂರ್ಯನಿಂದ ಬೀಸುವ ಕಣಗಳ ಗಾಳಿಯ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಕಾಲಿಟ್ಟಿತು. ಮಾನವ ನಿರ್ಮಿತ ವಸ್ತುವೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಓಡುತ್ತಿರುವ ಅದು ಈಗ 2,500 ಕೋಟಿ ಕಿ.ಮೀ.ಗಿಂತಲೂ ಆಚೆಗಿದೆ. ಭೂಮಿಯಿಂದ ಒಂದು ಸಂದೇಶ ಕಳುಹಿಸಿ ಉತ್ತರ ಪಡೆಯಲು ಸುಮಾರು ಎರಡು ದಿನ ಕಾಯಬೇಕು.

ಆ ನೌಕೆಯಲ್ಲಿ ಚಿನ್ನದ ಲೇಪನದ ತಾಮ್ರದ ತಟ್ಟೆಯೊಂದಿದೆ. ಎಂದಾದರೂ ಯಾರಿಗಾದರೂ ಸಿಕ್ಕೀತೆಂಬ ಆಸೆಯಿಂದ ಅದರಲ್ಲಿ ಭೂಮಿಯ 55 ಭಾಷೆಗಳ ಶುಭಾಶಯಗಳನ್ನು ಮುದ್ರಿಸಿದ್ದಾರೆ. ಅವುಗಳಲ್ಲಿ ನಮ್ಮ ಕನ್ನಡವೂ ಇದೆ. ಅರಬಿ ಇದೆ, ಸಲಾಮ್ ಹೇಳುವ ಉರ್ದು ಕೂಡಾ ಇದೆ!

ಆದರೂ ಮಗುವಿನ ಪ್ರಶ್ನೆಯ ಮುಂದೆ ಈ ನೌಕೆ ಇನ್ನೂ ಹೊಸ್ತಿಲಲ್ಲೇ ಇದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ಸುಮಾರು 4.2 ವರ್ಷಗಳು ಬೇಕು. ವಾಯೇಜರ್‌ನ ವೇಗದಲ್ಲಿ ಹೋದರೆ 70 ಸಾವಿರಕ್ಕೂ ಹೆಚ್ಚು ವರ್ಷಗಳು!

ನಾವು ಕಾಣುವುದು ಹಳೆಯ ಬೆಳಕು

ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವನ್ನು ಜ್ಯೋತಿರ್ವರ್ಷ ಎನ್ನುತ್ತಾರೆ. ರೋಹಿಣಿ ನಕ್ಷತ್ರ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಇಂಗ್ಲಿಷ್ ಹೆಸರು ಅಲ್ದೆಬರಾನ್, 'ಹಿಂಬಾಲಿಸುವವನು' ಎಂಬರ್ಥದ ಅರಬಿ ಪದದಿಂದ ಬಂದದ್ದು. ಇಂದು ರಾತ್ರಿ ನಿಮ್ಮ ಕಣ್ಣಿಗೆ ಬೀಳುವ ರೋಹಿಣಿಯ ಬೆಳಕು ಅಲ್ಲಿಂದ ಹೊರಟಾಗ ನಿಮ್ಮ ಅಜ್ಜಿ ಎಳೆಯ ಪ್ರಾಯದವರಾಗಿದ್ದಿರಬಹುದು. ದೂರ ಹೆಚ್ಚಿದಷ್ಟೂ ನಾವು ಕಾಣುವ ನೋಟ ಹಳೆಯದು. ಆಕಾಶವನ್ನು ನೋಡುವುದೆಂದರೆ ಕಳೆದುಹೋದ ಕಾಲವನ್ನು ನೋಡುವುದೇ ಆಗಿದೆ.

ಪುಟ್ಟ ಮೋಡದ ಗುಟ್ಟು

ಸೂರ್ಯನೂ ರೋಹಿಣಿಯೂ ಇರುವುದು ಆಕಾಶಗಂಗೆ ಎಂಬ ನಕ್ಷತ್ರಗಳ ಸಮೂಹದಲ್ಲಿ. ಇದರ ಅಗಲವೇ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಅದರಾಚೆ ಏನಿದೆ?

ಸುಮಾರು ಕ್ರಿ.ಶ. 964ರಲ್ಲಿ ಇಸ್ಫಹಾನಿನ ಖಗೋಳ ವಿಜ್ಞಾನಿ ಅಬ್ದುರ್ರಹ್ಮಾನ್ ಅಸ್ಸೂಫಿ ತಮ್ಮ ನಕ್ಷತ್ರ ಗ್ರಂಥದಲ್ಲಿ 'ಪುಟ್ಟ ಮೋಡ'ವೊಂದನ್ನು ದಾಖಲಿಸಿದರು. ಆಗ ದೂರದರ್ಶಕವಿರಲಿಲ್ಲ, ಬರಿಗಣ್ಣಿನಲ್ಲೇ ನೋಡಿದ್ದು. ಆ ಮೋಡ ಏನೆಂದು ತಿಳಿಯಲು ಜಗತ್ತು ಮುಂದೆ ಸಾವಿರ ವರ್ಷದಷ್ಟು ಕಾಯಬೇಕಾಯಿತು.

ಬೀಗದ ಕೀಲಿಯನ್ನು ಒದಗಿಸಿದ್ದು ಒಬ್ಬ ಮಹಿಳೆ. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹೆನ್ರಿಯೆಟಾ ಲೆವಿಟ್ ಅಲ್ಪ ಸಂಬಳಕ್ಕೆ ಲೆಕ್ಕ ಮಾಡುವ ಕೆಲಸದಲ್ಲಿದ್ದರು. ಅಲ್ಲಿ ದೂರದರ್ಶಕ ನಡೆಸುವ ಅವಕಾಶ ಮಹಿಳೆಯರಿಗಿರಲಿಲ್ಲ. ಅವರ ಕಿವಿಯೂ ಮಂದವಾಗಿತ್ತು. ಆದರೆ ಗಾಜಿನ ಫಲಕಗಳ ಮೇಲೆ ತೆಗೆದ ನಕ್ಷತ್ರಗಳ ಚಿತ್ರಗಳನ್ನು ತಾಳ್ಮೆಯಿಂದ ಹೋಲಿಸುತ್ತಾ ಅವರು ಒಂದು ನಿಯಮವನ್ನು ಕಂಡುಕೊಂಡರು. ಕೆಲವು ನಕ್ಷತ್ರಗಳ ಬೆಳಕು ಕ್ರಮವಾಗಿ ಹೆಚ್ಚಿ ಕುಗ್ಗುತ್ತದೆ. ಹೀಗೆ ಒಮ್ಮೆ ಹೆಚ್ಚಿ ಕುಗ್ಗಲು ಹೆಚ್ಚು ದಿನ ಹಿಡಿದಷ್ಟೂ ಆ ನಕ್ಷತ್ರ ನಿಜದಲ್ಲಿ ಹೆಚ್ಚು ಪ್ರಕಾಶಮಾನ. ನಿಜವಾದ ಪ್ರಕಾಶ ಗೊತ್ತಾದರೆ, ನಮಗೆಷ್ಟು ಮಸುಕಾಗಿ ಕಾಣುತ್ತದೆ ಎಂಬುದರಿಂದ ದೂರವನ್ನು ಲೆಕ್ಕ ಹಾಕಬಹುದು. 1912ರಲ್ಲಿ ಇದು ಪ್ರಕಟವಾಯಿತು.

1923ರಲ್ಲಿ ಎಡ್ವಿನ್ ಹಬಲ್ ಅಸ್ಸೂಫಿಯವರ ಆ 'ಮೋಡ'ದಲ್ಲೇ ಅಂತಹ ನಕ್ಷತ್ರವನ್ನು ಪತ್ತೆ ಹಚ್ಚಿ ಲೆವಿಟ್‌ರ ನಿಯಮದಿಂದ ಅಳೆದರು. ಅದು ಮೋಡವೇ ಆಗಿರಲಿಲ್ಲ! ಆಕಾಶಗಂಗೆಯ ಹೊರಗಿರುವ ಇನ್ನೊಂದು ನಕ್ಷತ್ರ ಸಮೂಹವಾಗಿತ್ತು. ಇದುವೇ ಆಂಡ್ರೊಮಿಡಾ. ಇಂದಿನ ಲೆಕ್ಕದಂತೆ ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ತನ್ನ ಕೆಲಸ ಜಗತ್ತನ್ನು ಇಷ್ಟು ವಿಶಾಲಗೊಳಿಸಿದ್ದನ್ನು ನೋಡಲು ಲೆವಿಟ್ ಇರಲಿಲ್ಲ. 1921ರಲ್ಲೇ ಅವರು ತೀರಿಕೊಂಡಿದ್ದರು.

ಗೋಡೆ ಎಲ್ಲಿದೆ?

ಹಾಗಾದರೆ ಕೊನೆಯಲ್ಲೊಂದು ಗೋಡೆ ಇದೆಯೇ? ಅಂತಹ ಗೋಡೆ ಎಲ್ಲೂ ಕಂಡಿಲ್ಲ. ನಮ್ಮ ನೋಟಕ್ಕೆ ಮಿತಿ ಹಾಕಿರುವುದು ಕಾಲ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅಷ್ಟು ಸಮಯದಲ್ಲಿ ನಮ್ಮನ್ನು ತಲುಪಿದ ಬೆಳಕನ್ನು ಮಾತ್ರ ನಾವು ನೋಡಬಲ್ಲೆವು. 2021ರ ಡಿಸೆಂಬರ್‌ನಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕ, ವಿಶ್ವ ಆರಂಭವಾಗಿ 30 ಕೋಟಿ ವರ್ಷವೂ ತುಂಬದಿದ್ದಾಗಿನ ನಕ್ಷತ್ರ ಸಮೂಹಗಳನ್ನು ತೋರಿಸಿದೆ.

ಇನ್ನೊಂದು ಅಚ್ಚರಿಯೆಂದರೆ ವಿಶ್ವ ಹಿಗ್ಗುತ್ತಿದೆ. ಒಣದ್ರಾಕ್ಷಿ ಹಾಕಿದ ಕೇಕ್ ಉಬ್ಬುವುದನ್ನು ನೆನಪಿಸಿಕೊಳ್ಳಿ. ಹಿಟ್ಟು ಉಬ್ಬಿದಂತೆ ಪ್ರತಿಯೊಂದು ದ್ರಾಕ್ಷಿಯೂ ಇತರ ದ್ರಾಕ್ಷಿಗಳಿಂದ ದೂರ ಸರಿಯುತ್ತದೆ. ನಕ್ಷತ್ರ ಸಮೂಹಗಳೂ ಹಾಗೆಯೇ. ಆದ್ದರಿಂದ ಇಂದು ಬೆಳಕಿನ ವೇಗದಲ್ಲೇ ಹೊರಟರೂ ಅತಿ ದೂರದ ಸಮೂಹಗಳನ್ನು ಮುಟ್ಟಲಾಗದು. ನಾವು ಹೋದಷ್ಟೂ ದಾರಿ ಬೆಳೆಯುತ್ತಲೇ ಇರುತ್ತದೆ.

ಮಗುವಿಗೆ ಏನು ಹೇಳುವಿರಿ?

ಸೂರ್ಯನಲ್ಲದ ಬೇರೆ ನಕ್ಷತ್ರಗಳ ಸುತ್ತ ತಿರುಗುವ 6,000ಕ್ಕೂ ಹೆಚ್ಚು ಗ್ರಹಗಳು 2025ರ ವೇಳೆಗೆ ಪತ್ತೆಯಾಗಿವೆ. ಆದರೆ ಜೀವ ಇರುವುದು ಖಚಿತವಾಗಿರುವುದು ನಮ್ಮ ಭೂಮಿಯಲ್ಲಿ ಮಾತ್ರ. 1990ರ ಫೆಬ್ರವರಿಯಲ್ಲಿ ವಾಯೇಜರ್-1 ಸುಮಾರು 600 ಕೋಟಿ ಕಿ.ಮೀ. ದೂರದಿಂದ ತೆಗೆದ ಚಿತ್ರದಲ್ಲಿ ಭೂಮಿ ಒಂದು ಮಸುಕು ಚುಕ್ಕೆ. ನಮ್ಮ ಮನೆ, ನೆರೆಹೊರೆ, ಜಗಳ, ಹಬ್ಬ ಎಲ್ಲವೂ ಆ ಚುಕ್ಕೆಯಲ್ಲೇ. ನಲ್ಲಿಯ ನೀರನ್ನು ಸುಮ್ಮನೆ ಹರಿಯಬಿಡಬಾರದೆಂದು ಮಕ್ಕಳಿಗೆ ಕಲಿಸಲು ಇದಕ್ಕಿಂತ ದೊಡ್ಡ ಪಾಠ ಬೇಕೇ?

ಮುಂದಿನ ಸಲ ಮಗಳು ಈ ಪ್ರಶ್ನೆ ಕೇಳಿದರೆ, "ಹೆಣ್ಣುಮಕ್ಕಳಿಗೆ ಇದೆಲ್ಲಾ ಯಾಕೆ?" ಎನ್ನಬೇಡಿ. ಲೆವಿಟ್‌ರ ಕತೆ ಹೇಳಿ. ನವೆಂಬರ್ ತಿಂಗಳಲ್ಲಿ, ಚಂದ್ರನಿಲ್ಲದ ರಾತ್ರಿ ಒಂಬತ್ತರ ಸುಮಾರಿಗೆ, ಬೀದಿದೀಪಗಳಿಲ್ಲದ ಕಡೆ ಅವಳನ್ನು ಕರೆದೊಯ್ಯಿರಿ. ನಕ್ಷತ್ರಗಳ ನಕ್ಷೆ ಹಿಡಿದು ಉತ್ತರ ದಿಕ್ಕಿನ ಆಕಾಶದಲ್ಲಿ, ಮೇಲ್ಗಡೆ ಹುಡುಕಿ. ಅಸ್ಸೂಫಿ ಕಂಡ ಆ ಪುಟ್ಟ ಮೋಡ ನಿಮ್ಮ ಬರಿಗಣ್ಣಿಗೂ ಕಾಣುತ್ತದೆ. 25 ಲಕ್ಷ ವರ್ಷಗಳ ಹಿಂದೆ ಹೊರಟ ಬೆಳಕು ಅದು.