ಗಾಳಿಯನ್ನು ನಂಬಿದ ಎಂಜಿನ್

ಮೋಟಾರು ಸೈಕಲ್ಲಿನ ಎಂಜಿನ್ನನ್ನು ಹತ್ತಿರದಿಂದ ನೋಡಿದವರಿಗೆ, ಅದರ ಮೈಸುತ್ತಲೂ ಒಂದರ ಮೇಲೊಂದರಂತೆ ನಿಂತಿರುವ ತೆಳುವಾದ ಲೋಹದ ಏಣುಗಳು ಕಣ್ಣಿಗೆ ಬಿದ್ದಿರುತ್ತವೆ. ಅವು ಅಂದಕ್ಕಾಗಿ ಇಟ್ಟವುಗಳಲ್ಲ. ಎಂಜಿನ್ನಿನೊಳಗೆ ಪೆಟ್ರೋಲು ಉರಿಯುವಾಗ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಉರಿಯನ್ನು ಒಡಲಲ್ಲಿಟ್ಟುಕೊಂಡ ಅಲ್ಯೂಮಿನಿಯಂ ಆದರೋ 660 ಡಿಗ್ರಿಗೇ ಕರಗತಕ್ಕ ಲೋಹ. ಅದು ಕರಗದೆ ಉಳಿಯುವುದು, ಹುಟ್ಟಿದ ಶಾಖವನ್ನು ಕ್ಷಣಕ್ಷಣವೂ ಹೊರಕ್ಕೆ ಸಾಗಿಸುವ ಏರ್ಪಾಡು ಇರುವುದರಿಂದ. ಬಹುಪಾಲು ಕಾರುಗಳಲ್ಲಿ ಈ ಕೆಲಸವನ್ನು ನೀರು ಮಾಡುತ್ತದೆ. ಅನೇಕ ಮೋಟಾರು ಸೈಕಲ್ಲುಗಳಲ್ಲಿಯೂ ಹಳೆಯ ಕಾಲದ ಕೆಲವು ಕಾರುಗಳಲ್ಲಿಯೂ ನೀರಿಲ್ಲ. ಏಣುಗಳ ನಡುವೆ ಹರಿದುಹೋಗುವ ಗಾಳಿಯೇ ಶಾಖವನ್ನು ಹೊತ್ತೊಯ್ಯುತ್ತದೆ.

ಅಂತಹ ಕಾರುಗಳಲ್ಲಿ ಜಗತ್ಪ್ರಸಿದ್ಧವಾದುದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್. ಬೀಟಲ್ ಎಂದರೆ ಜೀರುಂಡೆ. ಕಾರಿನ ಗುಂಡನೆಯ ಬೆನ್ನನ್ನು ಕಂಡು ಜನರು ಇಟ್ಟುಕೊಂಡ ಹೆಸರು. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಷೆಯೂ ಅವನ ಸಂಗಡಿಗರೂ ಇದನ್ನು ರೂಪಿಸಿದರು. ಆ ದೇಶದ ಚಳಿಗಾಲದಲ್ಲಿ ಬಯಲಲ್ಲಿ ನಿಲ್ಲಿಸಿದ ಕಾರಿನ ನೀರು ಬೆಳಗಾಗುವುದರೊಳಗೆ ಹೆಪ್ಪುಗಟ್ಟಿ ಎಂಜಿನ್ನನ್ನೇ ಸೀಳಬಹುದಾಗಿತ್ತು. ನೀರೇ ಇಲ್ಲದ ಎಂಜಿನ್ನಿಗೆ ಆ ಭಯವಿಲ್ಲ. ಕಾರಿನ ಹಿಂಬದಿಯಲ್ಲಿರುವ ಈ ಎಂಜಿನ್ನಿನ ನಾಲ್ಕು ಸಿಲಿಂಡರುಗಳು ಎಡಕ್ಕೆ ಎರಡು, ಬಲಕ್ಕೆ ಎರಡಾಗಿ ಮಲಗಿವೆ. ಮೇಲೆ ತಗಡಿನ ಗೂಡೊಳಗೆ ಒಂದು ಫ್ಯಾನು ತಿರುಗುತ್ತ ಅವುಗಳ ಮೇಲೆ ಗಾಳಿಯನ್ನು ಒತ್ತುತ್ತದೆ. 2003ರ ಜುಲೈ 30ರಂದು ಮೆಕ್ಸಿಕೋದ ಪ್ಯೂಬ್ಲಾ ನಗರದಲ್ಲಿ ಕೊನೆಯ ಬೀಟಲ್ ಹೊರಬಂದಾಗ, ಅದುವರೆಗೆ ತಯಾರಾದ ಕಾರುಗಳ ಸಂಖ್ಯೆ 2 ಕೋಟಿ 15 ಲಕ್ಷವನ್ನು ದಾಟಿತ್ತು.

ಕನ್ನಡ ನಾಡಿಗೂ ಗಾಳಿಯಿಂದ ತಣಿಯುವ ಎಂಜಿನ್ ಹೊಸದಲ್ಲ. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಸಿದ್ಧವಾಗಿ 1951ರ ಆಗಸ್ಟ್ 5ರಂದು ಮೊದಲ ಬಾರಿ ಹಾರಿದ ಎಚ್.ಟಿ.-2 ತರಬೇತಿ ವಿಮಾನದ ಎಂಜಿನ್ ಇದೇ ಜಾತಿಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳದೂ ಇದೇ ಜಾತಿ. ಬೀಟಲ್ ಕಾರುಗಳು ಮಾತ್ರ ನಮ್ಮಲ್ಲಿ ವಿರಳ. ಹಳೆಯ ವಾಹನಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದ ಕೆಲವರ ಮನೆಗಳಲ್ಲಿ ಇಂದಿಗೂ ಅವು ಓಡುವ ಸ್ಥಿತಿಯಲ್ಲಿವೆ.

ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಮಗ್ಗುಲಲ್ಲಿ ಕೋಗಿಲು ಎಂಬ ಊರಿದೆ. ಒಂದು ಕೆರೆ, ಬಳ್ಳಾರಿ ರಸ್ತೆಯಲ್ಲಿ ಊರಿನ ಹೆಸರನ್ನೇ ಹೊತ್ತ ಒಂದು ಕ್ರಾಸು. ಸಮೀಪದಲ್ಲಿಯೇ, 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಹೆಸರಾದ ಯಲಹಂಕದ ವಾಯುನೆಲೆ. ಇಂತಹ ಊರಿನಲ್ಲಿ ಒಂದು ಹಳೆಯ ಬೀಟಲನ್ನು ಶ್ರುತಿಗೊಳಿಸಲು ಕುಳಿತವರು ಏನೇನನ್ನು ಗಮನಿಸಬೇಕಾಗುತ್ತದೆ? ಊರನ್ನು ಹೆಸರಿಸುವುದಕ್ಕೆ ಕಾರಣವುಂಟು. ಎಂಜಿನ್ನಿನ ಹದವು ಅದು ಓಡುವ ನೆಲದ ಎತ್ತರವನ್ನೂ ದಾರಿಯ ದಟ್ಟಣೆಯನ್ನೂ ಅವಲಂಬಿಸುತ್ತದೆ.

ಶ್ರುತಿ ಎಂಬ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ಹೊಂದಾಣಿಕೆ ತುಸು ತಪ್ಪಿದರೂ ನೀರು ಹೆಚ್ಚಿನ ಶಾಖವನ್ನು ನುಂಗಿಕೊಂಡು ಸ್ವಲ್ಪ ಕಾಲ ಕಾಪಾಡುತ್ತದೆ. ಮೀಟರಿನ ಮುಳ್ಳು ಮೇಲೇರಿ ಎಚ್ಚರಿಕೆಯನ್ನೂ ಕೊಡುತ್ತದೆ. ಸಾಮಾನ್ಯ ಬೀಟಲಿನಲ್ಲಿ ಉಷ್ಣತೆಯನ್ನು ತೋರಿಸುವ ಮೀಟರೇ ಇಲ್ಲ. ಹೊಂದಾಣಿಕೆ ತಪ್ಪಿದಷ್ಟೂ ಶಾಖ ಹೆಚ್ಚುತ್ತದೆ. ಅದು ನೇರವಾಗಿ ಲೋಹವನ್ನೇ ತಿನ್ನುತ್ತದೆ.

ಕೆಲಸಕ್ಕೆ ತಕ್ಕ ಹೊತ್ತು ನಸುಕು. ರಾತ್ರಿಯೆಲ್ಲ ನಿಂತು ಎಂಜಿನ್ ಪೂರ್ತಿಯಾಗಿ ತಣ್ಣಗಾಗಿರಬೇಕು. ಏಕೆಂದರೆ ಮೊದಲು ನೋಡಬೇಕಾದುದು ವಾಲ್ವುಗಳ ಎಡೆಯನ್ನು. ಗ್ಯಾರೇಜಿನ ಮಾತಿನಲ್ಲಿ ಇದು ಟ್ಯಾಪೆಟ್ ಹೊಂದಿಸುವುದು. ಲೋಹ ಬಿಸಿಯಾದರೆ ಹಿಗ್ಗುತ್ತದೆ. ಬಿಸಿ ಎಂಜಿನ್ನಿನಲ್ಲಿ ಅಳೆದ ಅಳತೆಯನ್ನು ನಂಬುವಂತಿಲ್ಲ. ವಾಲ್ವಿನ ತುದಿಗೂ ಅದನ್ನು ಒತ್ತುವ ಸನ್ನೆಗೂ ನಡುವೆ ಇರಬೇಕಾದ ಸಂದು, 1960ರ ದಶಕದ ನಡುವಿನಿಂದಾಚೆಗಿನ ಎಂಜಿನ್ನುಗಳಲ್ಲಿ, 0.15 ಮಿಲಿಮೀಟರ್, ಎಂದರೆ ನೋಟುಪುಸ್ತಕದ ಎರಡು ಹಾಳೆಗಳಷ್ಟು ದಪ್ಪ. ಒಂದನೆಯ ಸಿಲಿಂಡರಿನ ಎರಡು ವಾಲ್ವುಗಳೂ ಮುಚ್ಚಿಕೊಳ್ಳುವಂತೆ ಪುಲ್ಲಿಯನ್ನು ತಿರುಗಿಸಿ ನಿಲ್ಲಿಸಿ, ಕಾರಿನ ಕೆಳಗೆ ಮಲಗಿ, ಸಂದಿನಲ್ಲಿ ಫೀಲರ್ ಗೇಜಿನ ಎಸಳನ್ನು ತೂರಿಸಬೇಕು. ಎಸಳು ಸಡಿಲವಾಗಿಯೂ ಆಡಬಾರದು, ಸಿಕ್ಕಿಕೊಳ್ಳಲೂ ಬಾರದು. ಎಳೆದಾಗ ಬೆರಳಿಗೆ ಸಣ್ಣದೊಂದು ತಡೆ ತಿಳಿಯಬೇಕು. ನಟ್ಟನ್ನು ಬಿಗಿಯುವಾಗ ಸ್ಕ್ರೂ ತಾನೂ ತುಸು ತಿರುಗಿಬಿಡುವುದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯದೆ ಏಳುವಂತಿಲ್ಲ. ಅನಂತರ ಪುಲ್ಲಿಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ಎರಡನೆಯದು, ಮತ್ತರ್ಧ ಸುತ್ತಿಗೆ ಮೂರನೆಯದು, ಕೊನೆಗೆ ನಾಲ್ಕನೆಯದು. ಒಟ್ಟು ಎಂಟು ವಾಲ್ವುಗಳು. ಸುಮಾರು 5000 ಕಿಲೋಮೀಟರಿಗೊಮ್ಮೆ ಈ ಕೆಲಸ ನಡೆಯಲೇಬೇಕು.

ಇಷ್ಟು ಸಣ್ಣ ಸಂದಿಗೆ ಇಷ್ಟೊಂದು ಶ್ರಮವೇಕೆ ಎಂದು ಕೇಳಬಹುದು. ಉರಿದ ಅನಿಲ ಹೊರಹೋಗುವ ವಾಲ್ವು ಬೆಂಕಿಯ ಬಾಗಿಲಲ್ಲಿಯೇ ನಿಂತಿರುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಮುಚ್ಚಿ ತನ್ನ ಪೀಠವನ್ನು ಅಪ್ಪಿಕೊಂಡ ಆ ಚೂರು ಕಾಲದಲ್ಲಿಯೇ ಅದರ ಶಾಖದ ಬಹುಪಾಲು ಪೀಠದ ಮೂಲಕ ಏಣುಗಳಿಗೂ ಗಾಳಿಗೂ ಹರಿದುಹೋಗುವುದು. ಸಂದು ಇಲ್ಲವಾದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ; ಶಾಖಕ್ಕೆ ಹೋಗಲು ದಾರಿಯಿಲ್ಲದೆ ಅಂಚು ಸುಡುತ್ತದೆ. ಇದರಲ್ಲಿ ಒಂದು ವಿಚಿತ್ರವಿದೆ. ಸಂದು ಹೆಚ್ಚಾದ ಎಂಜಿನ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ಸಂದು ಕಳೆದುಕೊಂಡ ಎಂಜಿನ್ನಿನ ಸದ್ದು ನಯವಾಗುತ್ತದೆ. ತಿಳಿಯದವರು ಆ ಮೌನವನ್ನು ಮೆಚ್ಚುತ್ತಾರೆ. ಅನುಭವಸ್ಥರಿಗೆ ಭಯ ಹುಟ್ಟಿಸುವುದು ಆ ಮೌನವೇ.

ಅದರಲ್ಲಿಯೂ ಹೆಚ್ಚಿನ ಎಚ್ಚರ ಬೇಕಾದುದು ಎಡಗಡೆಯ ಮುಂದಿನ, ಅಂದರೆ ಮೂರನೆಯ ಸಿಲಿಂಡರಿನ ವಿಷಯದಲ್ಲಿ. ಹಳೆಯ ಬೀಟಲುಗಳಲ್ಲಿ ಎಣ್ಣೆಯನ್ನು ತಣಿಸುವ ಕೂಲರು ಫ್ಯಾನಿನ ಗೂಡಿನೊಳಗೆ ಸರಿಯಾಗಿ ಅದರ ಮೇಲೆ ನಿಂತಿತ್ತು. ಉಳಿದ ಸಿಲಿಂಡರುಗಳಿಗೆ ತಣ್ಣನೆಯ ಗಾಳಿ ದೊರೆತರೆ, ಮೂರನೆಯದಕ್ಕೆ ಎಣ್ಣೆಯ ಬಿಸಿಯನ್ನು ಹೊತ್ತುಬಂದ ಗಾಳಿ, ಅದೂ ಕಡಿಮೆ. ತಯಾರಕರಿಗೆ ಇದು ತಿಳಿದಿತ್ತು. ಹಲವು ಡಿಸ್ಟ್ರಿಬ್ಯೂಟರುಗಳಲ್ಲಿ ಮೂರನೆಯ ಸಿಲಿಂಡರಿನ ಕಿಡಿ ಮಾತ್ರ ಒಂದೆರಡು ಡಿಗ್ರಿ ತಡವಾಗಿ ಹಾರುವಂತೆ ಏರ್ಪಡಿಸಿದ್ದರು. 1971ರ ಮಾದರಿಯಲ್ಲಿ ಕೂಲರಿಗೆ ಬೇರೆಯೇ ಗಾಳಿದಾರಿಯನ್ನು ಕಲ್ಪಿಸಿದರು. ಕುಟುಂಬದಲ್ಲಿ ದುರ್ಬಲ ಮಗುವಿನ ಮೇಲೆ ತಾಯಿಯ ಕಣ್ಣು ಹೆಚ್ಚಾಗಿರುವಂತೆ, ಬಲ್ಲ ಮೆಕ್ಯಾನಿಕ್ಕನ ಗೇಜು ಮೂರನೆಯ ಸಿಲಿಂಡರಿನ ಬಳಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಇನ್ನು ಕಿಡಿಯ ಕೆಲಸ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳ ಎಡೆ 0.4 ಮಿಲಿಮೀಟರ್ ಇರಬೇಕು. ಅದನ್ನು ಹೊಂದಿಸಿದ ಮೇಲೆಯೇ ಟೈಮಿಂಗ್. ಪಾಯಿಂಟಿನ ಎಡೆ ಬದಲಾದರೆ ಕಿಡಿ ಹಾರುವ ವೇಳೆಯೂ ಬದಲಾಗುವುದರಿಂದ ಈ ಕ್ರಮವನ್ನು ತಿರುಗುಮುರುಗು ಮಾಡಬಾರದು. 1960ರ ದಶಕದ 1300 ಮತ್ತು 1500 ಸಿ.ಸಿ. ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ಮೇಲಿನ ತುದಿಯನ್ನು ಮುಟ್ಟುವುದಕ್ಕೆ 7.5 ಡಿಗ್ರಿ ಮೊದಲು ಕಿಡಿ ಹಾರಬೇಕು. ಇದನ್ನು ನೋಡಲು ಒಂದು ಸಣ್ಣ ಬಲ್ಬು ಸಾಕು. ಪುಲ್ಲಿಯ ಗುರುತನ್ನು ಎಂಜಿನ್ನಿನ ನಡುಗೆರೆಗೆ ತಂದು ನಿಲ್ಲಿಸಿ, ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿದಾಗ, ಪಾಯಿಂಟು ಬಿಡುವ ಕ್ಷಣದಲ್ಲಿ ಬಲ್ಬು ಹತ್ತುತ್ತದೆ. ಕಿಡಿ ಬೇಗನೆ ಹಾರಿದರೆ ಎಂಜಿನ್ ಒಳಗೊಳಗೇ ಬಡಿದುಕೊಳ್ಳುತ್ತದೆ. ಎಂಜಿನ್ ಹಿಂದಿರುವುದರಿಂದ ಆ ಸದ್ದು ಚಾಲಕನ ಕಿವಿಯನ್ನು ಮುಟ್ಟುವುದು ಕಷ್ಟ.

ಕೊನೆಯದು ಕಾರ್ಬೋರೇಟರ್. ಇದನ್ನು ಮಾತ್ರ ಎಂಜಿನ್ ಬಿಸಿಯಾದ ಮೇಲೆಯೇ ಹೊಂದಿಸಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇಕಡಾ 8ರಿಂದ 9ರಷ್ಟು ತೆಳು. ಮಂಗಳೂರಿನಲ್ಲಿ ಹದಗೊಳಿಸಿದ ಕಾರು ಕೋಗಿಲಿಗೆ ಬಂದರೆ ಗಾಳಿಗೆ ಹೋಲಿಸಿ ಪೆಟ್ರೋಲು ಹೆಚ್ಚಾಗಿ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಇಲ್ಲಿಯ ಗಾಳಿಗೆ ತಕ್ಕಂತೆ ಪೆಟ್ರೋಲನ್ನು ಕಡಿಮೆ ಮಾಡಿಕೊಂಡ ಕಾರು ಘಟ್ಟವಿಳಿದರೆ ಪೆಟ್ರೋಲು ಸಾಲದೆ ಎಂಜಿನ್ ಕಾಯುತ್ತದೆ. ಇವೆರಡರಲ್ಲಿ ಅಪಾಯಕಾರಿಯಾದುದು ಎರಡನೆಯದು. ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆಸುತ್ತಿರುವುದರಿಂದ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನೂ ಬಿರಿಯಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಇಡೀ ಕಾರು ಬೆಂಕಿಗೆ ಆಹುತಿಯಾದೀತು. ಆದುದರಿಂದ ಹೊಸ ಕೊಳವೆ ಹಾಕುವುದೂ ಈಗ ಶ್ರುತಿಯ ಕೆಲಸಕ್ಕೇ ಸೇರಿದೆ. ಸರಿಯಾಗಿದೆಯೇ ಎಂಬುದನ್ನು ಪ್ಲಗ್ಗೇ ಹೇಳುತ್ತದೆ: ತುದಿ ತಿಳಿಗಂದಾಗಿದ್ದರೆ ಹದ, ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ.

ಬಿಸಿಲೇರುವ ಮೊದಲು ಕಾರು ಕೋಗಿಲು ಕ್ರಾಸಿನತ್ತ ಹೊರಡಬಹುದು. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಹೋಗುವ ವಾಹನಗಳ ಸಾಲು ಬೆಳೆಯುವ ಮುನ್ನ ಪರೀಕ್ಷೆ ಮುಗಿಯುವುದು ಲೇಸು. ಫ್ಯಾನು ತಿರುಗುವುದು ಎಂಜಿನ್ನಿನ ವೇಗಕ್ಕೆ ತಕ್ಕಂತೆ, ಆದುದರಿಂದ ನಿಂತ ಕಾರಿನಲ್ಲಿ ಗಾಳಿಯೂ ಮಂದ. ಫ್ಯಾನನ್ನೂ ಡೈನಮೋವನ್ನೂ ತಿರುಗಿಸುವುದು ಒಂದೇ ಬೆಲ್ಟು. ಹೆಬ್ಬೆರಳಿನಿಂದ ಒತ್ತಿದಾಗ ಅದು ಸುಮಾರು 15 ಮಿಲಿಮೀಟರ್ ಬಾಗಬೇಕು. ದಾರಿಯಲ್ಲಿ ಅದು ಹರಿದರೆ ಡೈನಮೋದ ಕೆಂಪು ದೀಪ ಹತ್ತುತ್ತದೆ. ಬೇರೆ ಕಾರುಗಳಲ್ಲಿ ಆ ದೀಪವನ್ನು ಕಂಡೂ ಮನೆ ಸೇರಿದವರುಂಟು. ಬೀಟಲಿನಲ್ಲಿ ಅದು ಹತ್ತಿದೊಡನೆ ರಸ್ತೆಯ ಅಂಚಿಗೆ ಸರಿದು ಎಂಜಿನ್ನನ್ನು ನಿಲ್ಲಿಸಿ, ಹಿಂಬದಿಯ ಮುಚ್ಚಳವನ್ನು ತೆರೆಯಬೇಕು. ಬಲ್ಲವರ ಕಾರಿನಲ್ಲಿ ಮತ್ತೊಂದು ಬೆಲ್ಟೂ ಅದನ್ನು ಹಾಕಲು ಬೇಕಾದ ಸ್ಪ್ಯಾನರೂ ಯಾವಾಗಲೂ ಇರುತ್ತವೆ.