ಸಿ.ಟಿ. ಸ್ಕ್ಯಾನ್: ನೆರಳಿನ ಲೆಕ್ಕ, ಜೀವದ ಲೆಕ್ಕ

ಮಾವಿನ ಸುಗ್ಗಿ ಬಂತೆಂದರೆ ಶ್ರೀನಿವಾಸಪುರದ ಕಡೆಯಿಂದ ಮರದಿಂದ ಬಿದ್ದವರು ವೈದ್ಯರ ಬಳಿಗೆ ಬರುವುದೂ ಹೆಚ್ಚುತ್ತದೆ. ಹೀಗೊಂದು ಸುಗ್ಗಿಯಲ್ಲಿ ಐವತ್ತೈದು ದಾಟಿದ ರೈತರೊಬ್ಬರನ್ನು ಅವರ ಮಗ ಬೈಕಿನ ಮೇಲೆ ಕೂರಿಸಿಕೊಂಡು ಬಂದ. ಬೆಳಿಗ್ಗೆ ಕಾಯಿ ಕೀಳುವಾಗ ಕೊಂಬೆ ಮುರಿದು ಬಿದ್ದಿದ್ದರು. ಅರೆಗಳಿಗೆ ಎಚ್ಚರ ತಪ್ಪಿತ್ತಂತೆ. ಆಮೇಲೆ ತಾವೇ ಎದ್ದು, ನೀರು ಕುಡಿದು, ಮನೆಗೆ ನಡೆದು ಹೋಗಿ ಮುದ್ದೆಯನ್ನೂ ಉಂಡಿದ್ದರು. ಮಧ್ಯಾಹ್ನದ ಮೇಲೆ ಎರಡು ಸಲ ವಾಂತಿ, ಜೊತೆಗೆ ತೂಕಡಿಕೆ.

ಕೂಡಲೇ ಕೋಲಾರಕ್ಕೆ ಕರೆದೊಯ್ದು ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದೆ. ಮಗನಿಗೆ ಒಪ್ಪಿಗೆಯಾಗಲಿಲ್ಲ. "ತಲೆ ಮೇಲೆ ಗಾಯಾನೇ ಇಲ್ಲ ಸಾರ್. ಎಕ್ಸ್‌ರೇ ತೆಗೆಸಿದ್ವಿ, ಮೂಳೆ ಮುರಿದಿಲ್ಲ ಅಂದ್ರು. ಮತ್ತೆ ಸ್ಕ್ಯಾನ್ ಯಾಕೆ? ದುಡ್ಡು ದಂಡ ಅಲ್ವಾ?" ಎಂದ.

ಅವನ ಪ್ರಶ್ನೆ ನ್ಯಾಯವಾದದ್ದೇ. ಎರಡರಲ್ಲೂ ಇರುವುದು ಅದೇ ಕ್ಷ-ಕಿರಣ. ಹಾಗಾದರೆ ಎಕ್ಸ್‌ರೇಗೆ ಕಾಣದ್ದು ಸ್ಕ್ಯಾನಿಗೆ ಹೇಗೆ ಕಾಣುತ್ತದೆ? ಇದರ ಉತ್ತರ ಇರುವುದು ವೈದ್ಯಶಾಸ್ತ್ರದಲ್ಲಲ್ಲ, ಭೌತಶಾಸ್ತ್ರ ಮತ್ತು ಗಣಿತದಲ್ಲಿ. ಅದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ.

ನೆರಳಿನ ತೊಡಕು

ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಕಿರಣ ದೇಹವನ್ನು ಹಾಯ್ದು ಬರುವಾಗ ದಾರಿಯಲ್ಲಿ ಎಷ್ಟು ವಸ್ತು ಅಡ್ಡ ಬರುತ್ತದೋ ಅಷ್ಟು ಕ್ಷೀಣಿಸುತ್ತದೆ. ಈ ಬಗೆಯ ಅಳತೆ ನಮ್ಮ ಜಿಲ್ಲೆಯ ನೆಲದಡಿಯಲ್ಲೂ ನಡೆದಿದೆ. 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಅವರ ಮಾರ್ಗದರ್ಶನದಲ್ಲಿ ಬಿ.ವಿ. ಶ್ರೀಕಂಠನ್ ಅವರು ಕೋಲಾರದ ಚಿನ್ನದ ಗಣಿಗೆ ಇಳಿದು, ಆಕಾಶದಿಂದ ಬರುವ ಮ್ಯೂಯಾನ್ ಎಂಬ ಕಣಗಳು ಆಳಕ್ಕೆ ಹೋದಂತೆ ಎಷ್ಟೆಷ್ಟು ಕಡಿಮೆಯಾಗುತ್ತವೆ ಎಂದು ಎಣಿಸಿದರು. ಮೇಲಿನ ಬಂಡೆ ಹೆಚ್ಚಿದಷ್ಟೂ ತಲುಪುವ ಕಣ ಕಡಿಮೆ. ಅದೇ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿದ್ದು ಲೋಕಪ್ರಸಿದ್ಧ.

ಆದರೆ ನೆರಳಿಗೊಂದು ತೊಡಕಿದೆ. ದಾರಿಯಲ್ಲಿ ಒಟ್ಟು ಎಷ್ಟು ಅಡ್ಡ ಬಂತು ಎಂದು ಅದು ಹೇಳುತ್ತದೆ, ಎಲ್ಲಿ ಬಂತು ಎಂದು ಹೇಳುವುದಿಲ್ಲ. ತಲೆಯ ಎಕ್ಸ್‌ರೇಯಲ್ಲಿ ಗಟ್ಟಿ ಬುರುಡೆಯ ನೆರಳೇ ಎಲ್ಲವನ್ನೂ ನುಂಗಿಬಿಡುತ್ತದೆ. ಒಳಗೆ ಹೆಪ್ಪುಗಟ್ಟಿದ ರಕ್ತಕ್ಕೂ ಮಿದುಳಿಗೂ ಇರುವ ಅಲ್ಪ ವ್ಯತ್ಯಾಸ ಕಾಣುವುದೇ ಇಲ್ಲ. ಆದ್ದರಿಂದ 'ಎಕ್ಸ್‌ರೇಯಲ್ಲಿ ಏನೂ ಇಲ್ಲ' ಎಂದರೆ 'ತಲೆಯೊಳಗೆ ಏನೂ ಇಲ್ಲ' ಎಂದು ಅರ್ಥವಲ್ಲ.

ಮಾವಿನ ಪೆಟ್ಟಿಗೆಯ ಲೆಕ್ಕ

ಮುಚ್ಚಿದ ನಾಲ್ಕು ಪೆಟ್ಟಿಗೆಗಳನ್ನು ಚೌಕಾಕಾರವಾಗಿ, ಮೇಲಿನ ಸಾಲಿನಲ್ಲಿ ಎರಡು, ಕೆಳಗಿನ ಸಾಲಿನಲ್ಲಿ ಎರಡು, ಇಟ್ಟಿದ್ದಾರೆ ಎಂದುಕೊಳ್ಳಿ. ಮುಚ್ಚಳ ತೆರೆಯುವಂತಿಲ್ಲ. ಮೇಲಿನ ಸಾಲಿನಲ್ಲಿ ಒಟ್ಟು 8 ಹಣ್ಣು, ಕೆಳಗಿನ ಸಾಲಿನಲ್ಲಿ 6 ಎಂದಷ್ಟೇ ಹೇಳಿದರೆ ಯಾವ ಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ತಿಳಿಯದು. ಎಡಗಡೆಯ ಎರಡರಲ್ಲಿ 9, ಬಲಗಡೆಯ ಎರಡರಲ್ಲಿ 5 ಎಂದು ಸೇರಿಸಿದರೂ ಸಾಲದು. ಮೇಲೆ 5 ಮತ್ತು 3, ಕೆಳಗೆ 4 ಮತ್ತು 2 ಇರಬಹುದು. ಇಲ್ಲವೇ ಮೇಲೆ 6 ಮತ್ತು 2, ಕೆಳಗೆ 3 ಮತ್ತು 3 ಇರಬಹುದು. ಈಗ ಮೂಲೆಯಿಂದ ಮೂಲೆಗೆ ನೋಡಿ, ಮೇಲಿನ ಎಡ ಮತ್ತು ಕೆಳಗಿನ ಬಲ ಪೆಟ್ಟಿಗೆಗಳಲ್ಲಿ ಒಟ್ಟು 7 ಎಂದು ಹೇಳಿದರೆ ಮೊದಲನೆಯ ಉತ್ತರವೇ ಸರಿ ಎಂದು ಖಚಿತವಾಗುತ್ತದೆ.

ಸಿ.ಟಿ. ಸ್ಕ್ಯಾನಿನ ಗುಟ್ಟು ಇಷ್ಟೇ. ಒಂದು ದಿಕ್ಕಿನ ನೆರಳು ಸಾಲದಿದ್ದರೆ ಸುತ್ತಲೂ ನೂರಾರು ದಿಕ್ಕುಗಳಿಂದ ನೆರಳು ತೆಗೆಯಿರಿ. ಆಮೇಲೆ ಒಳಗಿನ ಪ್ರತಿಯೊಂದು ಪುಟ್ಟ ಚೌಕದಲ್ಲಿ ಏನಿದೆ ಎಂದು ಲೆಕ್ಕ ಹಾಕಿ.

ಇದು ಸಾಧ್ಯವೆಂದು ಗಣಿತದ ಮೂಲಕ ತೋರಿಸಿದವರು ಆಸ್ಟ್ರಿಯಾದ ಯೋಹಾನ್ ರಾಡಾನ್, 1917ರಲ್ಲಿ. ಅದು ಶುದ್ಧ ಗಣಿತ. ರೋಗಿಯ ಮಾತೇ ಅದರಲ್ಲಿರಲಿಲ್ಲ. ದಕ್ಷಿಣ ಆಫ್ರಿಕಾದ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಆಸ್ಪತ್ರೆಯೊಂದರಲ್ಲಿ ಅರೆಕಾಲಿಕ ಕೆಲಸ ಮಾಡುವಾಗ ಇದೇ ಸಮಸ್ಯೆಗೆ ಕೈ ಹಾಕಿದರು. ರಾಡಾನ್ ಅವರ ಲೇಖನದ ಸುದ್ದಿಯೇ ತಿಳಿಯದೆ ತಾವೇ ಪರಿಹಾರ ಕಂಡುಕೊಂಡು 1963 ಮತ್ತು 1964ರಲ್ಲಿ ಪ್ರಕಟಿಸಿದರು. ಆಗ ಹೆಚ್ಚಿನವರು ಅದನ್ನು ಗಮನಿಸಲೂ ಇಲ್ಲ. ಕೊನೆಗೆ ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಯಂತ್ರವನ್ನೇ ಕಟ್ಟಿದರು. ಪ್ರಯೋಗಶಾಲೆಯ ಅವರ ಮೊದಲ ಅಳತೆಗೆ 9 ದಿನ ಹಿಡಿದಿತ್ತು! 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ಮೂಡಿತು. ಆ ಚಿತ್ರದಲ್ಲಿ 80ಕ್ಕೆ 80, ಅಂದರೆ 6,400 ಚೌಕಗಳಿದ್ದವು. ವೈದ್ಯರಲ್ಲದ ಈ ಇಬ್ಬರಿಗೆ 1979ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು.

ಬೆಂಗಳೂರಿನ ಕೊಡುಗೆ

ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಒಂದು ಲೇಖನ ಪ್ರಕಟಿಸಿದರು. ರಾಮಚಂದ್ರನ್ ಸರ್ ಸಿ.ವಿ. ರಾಮನ್ ಅವರ ಶಿಷ್ಯರು. ನಮ್ಮ ಚರ್ಮ ಮತ್ತು ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ಹುರಿಯಂತಿದೆ ಎಂದು ತೋರಿಸಿಕೊಟ್ಟವರು.

ಅವರ ಮುಂದಿದ್ದ ಸಮಸ್ಯೆ ಹೀಗಿತ್ತು. ನೆರಳುಗಳನ್ನು ಬಂದ ದಿಕ್ಕಿಗೇ ಹಿಂದಕ್ಕೆ ಬಳಿಯುತ್ತಾ ಒಂದರ ಮೇಲೊಂದು ಸೇರಿಸಿದರೆ ಚಿತ್ರವೇನೋ ಬರುತ್ತದೆ, ಆದರೆ ಮಂಜು ಕವಿದ ಅಂತರಗಂಗೆ ಬೆಟ್ಟದಂತೆ ಮಸುಕಾಗಿ ಬರುತ್ತದೆ. ಮಸುಕು ತೆಗೆಯಲು ಆಗ ಬಳಸುತ್ತಿದ್ದ ಗಣಿತ ಬಲು ಉದ್ದ, ಅಂದಿನ ಕಂಪ್ಯೂಟರುಗಳಿಗೆ ಭಾರ. ಹಿಂದಕ್ಕೆ ಬಳಿಯುವ ಮೊದಲೇ ಪ್ರತಿ ನೆರಳಿನ ಒಂದೊಂದು ಬಿಂದುವಿನಿಂದಲೂ ಅಕ್ಕಪಕ್ಕದ ಬಿಂದುಗಳ ಒಂದಿಷ್ಟು ಪಾಲನ್ನು ನಿಯಮ ಪ್ರಕಾರ ಕಳೆದುಬಿಟ್ಟರೆ ಚಿತ್ರ ಬೇಗನೆ, ಸ್ಪಷ್ಟವಾಗಿ ಮೂಡುತ್ತದೆಂದು ಇಬ್ಬರೂ ತೋರಿಸಿದರು. ಇದೇ ಬಗೆಯ ದಾರಿಯನ್ನು 1967ರಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ರೇಡಿಯೋ ಖಗೋಳಶಾಸ್ತ್ರಕ್ಕಾಗಿ ಕಂಡುಕೊಂಡಿದ್ದರು. ಮುಂದೆ ದಶಕಗಳ ಕಾಲ ಸಿ.ಟಿ. ಯಂತ್ರಗಳು ನಡೆದದ್ದು ಈ ವಿಧಾನದಲ್ಲೇ. 'ರಾಮ್-ಲಕ್' ಎಂಬ ಹೆಸರು ಇಂದಿಗೂ ಪಠ್ಯಪುಸ್ತಕಗಳಲ್ಲಿ ಇದೆ. ಪಿ.ಯು.ಸಿ. ಮುಗಿದು ಗಣಿತದ ಕಾಟ ತಪ್ಪಿತಲ್ಲ ಎಂದು ಸಂತೋಷಪಟ್ಟು ವೈದ್ಯಕೀಯ ಸೇರಿದ ನನ್ನಂಥವರು ದಿನವೂ ಆ ಗಣಿತದ ಋಣದಲ್ಲೇ ಕೆಲಸ ಮಾಡುತ್ತಿದ್ದೇವೆ.

ಲೆಕ್ಕದ ಫಲವಾಗಿ ಪ್ರತಿ ಚೌಕಕ್ಕೂ ಒಂದು ಅಂಕಿ ಸಿಗುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಮಿದುಳಿಗೆ ಸುಮಾರು 30ರಿಂದ 40, ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೆ 60ರಿಂದ 80, ಗಟ್ಟಿ ಮೂಳೆಗೆ ನೂರಾರು. ಅಂಕಿ ಹೆಚ್ಚಿದ್ದಲ್ಲಿ ಬಿಳುಪು. ಬೂದು ಬಣ್ಣದ ಮಿದುಳಿನ ಪಕ್ಕದಲ್ಲಿ ರಕ್ತ ಬೆಳ್ಳಗೆ ಕಾಣುವುದು ಇದಕ್ಕೇ.

ಮಾವಿನ ತೋಟದ ರೈತರ ಸ್ಕ್ಯಾನಿನಲ್ಲಿ ಕಂಡದ್ದೂ ಅದೇ: ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ಮಸೂರದ ಆಕಾರದ ಬಿಳಿ ರಕ್ತ. ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆಯಾಯಿತು. ಮುಂದಿನ ಸುಗ್ಗಿಗೆ ಅವರು ಮರ ಹತ್ತಲಿಲ್ಲ; ಬುಡದಲ್ಲಿ ನಿಂತು ಪೆಟ್ಟಿಗೆ ಎಣಿಸುತ್ತಿದ್ದರು.

ಲಕ್ವ ಹೊಡೆದಾಗ

ಲಕ್ವ ಎರಡು ಕಾರಣಗಳಿಂದ ಬರುತ್ತದೆ: ಮಿದುಳಿನ ರಕ್ತನಾಳ ಕಟ್ಟಿಕೊಳ್ಳಬಹುದು, ಇಲ್ಲವೇ ಒಡೆಯಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಬಾಯಿ ಸೊಟ್ಟ, ಕೈಕಾಲು ನಿಶ್ಶಕ್ತಿ, ಮಾತು ತೊದಲು. ಚಿಕಿತ್ಸೆ ಮಾತ್ರ ತದ್ವಿರುದ್ಧ. ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು. ಒಡೆದಿದ್ದವರಿಗೆ ಅದನ್ನೇ ಕೊಟ್ಟರೆ ಪ್ರಾಣಕ್ಕೇ ಅಪಾಯ. ಸ್ಕ್ಯಾನ್ ಇಲ್ಲದೆ ಎಷ್ಟೇ ಅನುಭವಿ ವೈದ್ಯನೂ ಖಚಿತವಾಗಿ ಹೇಳಲಾರ. ಮೊದಲ ಕೆಲವು ಗಂಟೆಗಳಲ್ಲಿ ನಾಳ ಕಟ್ಟಿದವರ ಸ್ಕ್ಯಾನ್ ಏನೂ ತೋರಿಸದೆ ಇರಬಹುದು. ಆದರೂ ರಕ್ತಸ್ರಾವವಿಲ್ಲ ಎಂದು ತಿಳಿಯುವುದೇ ಆಗ ದೊಡ್ಡ ಸಹಾಯ.

ಈ ಇಂಜೆಕ್ಷನ್ ಸಾಮಾನ್ಯವಾಗಿ ಫಲ ಕೊಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಮಾಲೂರಿನ ಕಡೆಯ ಕುಟುಂಬವೊಂದು ಅಜ್ಜನನ್ನು ಮೊದಲು ಗಡಿಯಾಚೆಗೆ ನಾಟಿ ಔಷಧಿಗೆ ಕರೆದೊಯ್ದು, ಎಣ್ಣೆ ತಿಕ್ಕಿಸಿ, ಮೂರನೆಯ ದಿನ ನನ್ನ ಬಳಿ ಬಂದಿತ್ತು. ನಾಳ ಕಟ್ಟಿಕೊಂಡಿತ್ತು, ಆದರೆ ಗಂಟೆಗಳು ಕಳೆದಿದ್ದವು. ಆ ಅಜ್ಜನ ಬಲಗೈ ಮತ್ತೆ ಏಳಲಿಲ್ಲ.

ಬೇಡದ ಸ್ಕ್ಯಾನ್

ಹಾಗೆಂದು ಪ್ರತಿ ತಲೆನೋವಿಗೂ ಸ್ಕ್ಯಾನ್ ಬೇಕಿಲ್ಲ. "ಒಂದ್ಸಲ ಸ್ಕ್ಯಾನ್ ಬರೆದುಕೊಡಿ ಸಾರ್, ಮನಸ್ಸಿಗೆ ಸಮಾಧಾನ" ಎಂದು ಮುಳಬಾಗಿಲಿನಿಂದ ಬಂದ ತಾಯಿಯೊಬ್ಬರಿಗೆ ಹತ್ತು ವರ್ಷದಿಂದ ಒಂದೇ ರೀತಿಯ ಅರೆತಲೆನೋವಿತ್ತು. ಅವರಿಗೆ ಬೇಕಿದ್ದದ್ದು ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಮತ್ತು ಸರಿಯಾದ ಮಾತ್ರೆ.

ಎದೆಯ ಒಂದು ಎಕ್ಸ್‌ರೇಯಿಂದ ತಗಲುವ ವಿಕಿರಣ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ತಲೆಯ ಸಿ.ಟಿ.ಗೆ ಸುಮಾರು 2, ಹೊಟ್ಟೆಯ ಸಿ.ಟಿ.ಗೆ ಅದರ ಹಲವು ಪಟ್ಟು. ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4ರಷ್ಟು ನಮಗೆ ತಗಲುತ್ತದೆ. ಅಗತ್ಯವಿದ್ದಾಗ ಇದಕ್ಕೆ ಹೆದರಬೇಕಿಲ್ಲ. ಅಗತ್ಯವಿಲ್ಲದಾಗ, ಅದರಲ್ಲೂ ಮಕ್ಕಳಿಗೆ, ಸುಮ್ಮನೆ ಮಾಡಿಸಬಾರದು.

ನೆನಪಿಡಿ

* ತಲೆಗೆ ಪೆಟ್ಟು ಬಿದ್ದ ಮೇಲೆ ಎಚ್ಚರ ತಪ್ಪುವುದು, ಮತ್ತೆ ಮತ್ತೆ ವಾಂತಿ, ತೂಕಡಿಕೆ, ಫಿಟ್ಸ್, ಹೆಚ್ಚುತ್ತಾ ಹೋಗುವ ತಲೆನೋವು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ: ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ವಯಸ್ಸಾದವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.
* ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ಕೊನೆಯ ಬಾರಿ ಸರಿಯಾಗಿದ್ದದ್ದು ಯಾವಾಗ ಎಂದು ವೈದ್ಯರಿಗೆ ತಿಳಿಸಿ. ಬಾಯಿಗೆ ಏನನ್ನೂ ಹಾಕಬೇಡಿ.
* ಗರ್ಭಿಣಿಯಾಗಿದ್ದರೆ ಮುಂಚೆಯೇ ಹೇಳಿ. ಬಣ್ಣದ ಔಷಧಿ ಚುಚ್ಚಿ ಮಾಡುವ ಸ್ಕ್ಯಾನ್ ಆದರೆ ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆಯ ಮಾತ್ರೆ, ಹಿಂದೆ ಆಗಿರುವ ಅಲರ್ಜಿ ಇವನ್ನು ಮರೆಮಾಚಬೇಡಿ.
* ಹಳೆಯ ಸ್ಕ್ಯಾನ್ ಫಿಲಂಗಳನ್ನು ಜೋಪಾನವಾಗಿಡಿ. ಎಷ್ಟೋ ಸಲ ಅವೇ ಹೊಸ ಸ್ಕ್ಯಾನಿನ ಖರ್ಚು ಉಳಿಸುತ್ತವೆ.

ಸ್ಕ್ಯಾನ್ ಬರೆದುಕೊಟ್ಟಾಗ "ಇದರಿಂದ ಏನು ಗೊತ್ತಾಗುತ್ತದೆ? ಗೊತ್ತಾದ ಮೇಲೆ ಚಿಕಿತ್ಸೆ ಬದಲಾಗುತ್ತದೆಯೇ?" ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಆ ರೈತನ ಮಗ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಉತ್ತರ ಕೇಳಿದ ಮೇಲೆ ಅವನು ತಡಮಾಡಲಿಲ್ಲ. ತಂದೆ ಉಳಿದದ್ದು ಅದರಿಂದಲೇ.